ಹದಿನಾಲ್ಕರ ಮುಂದೆ ಮಾತಾಡಬಾರದು

ಜೂನ್ ೧೨

ಗುಮ್ಮಿ,

ಭಾನುವಾರ ನೀನು ಆರು ಸಲ ಫೋನ್ ಮಾಡಿದ್ದೀಯ. ನಾನು ಸತ್ತಿಲ್ಲ. ಆ ಕರೆಗಳನ್ನು ನೋಡಿದ ಮೇಲೆ ಫೋನನ್ನು ಆರಿಸಿ ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಿದ್ದೇನೆ, ಇನ್ನು ಕೆಲವು ತಿಂಗಳು ಅದು ಅಲ್ಲೇ ಇರುತ್ತದೆ. ಹೇಳುವುದನ್ನೆಲ್ಲ ಕಾಗದದಲ್ಲಿ ಬರೆಯುತ್ತೇನೆ. ನೀನೂ ಬರಿ. ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಯಿತು.

ಕಾರಣ ಕೇಳು. ನಿವೃತ್ತಿಯಾದ ಮೇಲೆ ವಾರಕ್ಕೆ ಮೂರು ದಿನ ಕಾಡುಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಹೋಗುತ್ತಿದ್ದೇನಲ್ಲ, ಇಷ್ಟು ದಿನ ಅಲ್ಲಿ ನನ್ನ ಕೆಲಸ ಬೋಗುಣಿ ತೊಳೆಯುವುದು, ಗೂಡಿನ ಹಾಸು ಬದಲಿಸುವುದು, ರೆಕ್ಕೆ ಮುರಿದ ಹದ್ದಿಗೆ ಮಾಂಸ ಕತ್ತರಿಸುವುದು, ಇಷ್ಟೇ. ಕಳೆದ ವಾರ ಒಂದು ನೀರುನಾಯಿ ಮರಿ ಬಂತು. ತಾಯಿ ಹೊಳೆ ದಂಡೆಯ ರಸ್ತೆಯಲ್ಲಿ ಲಾರಿಗೆ ಸಿಕ್ಕಿತ್ತು, ಮರಿ ಪಕ್ಕದ ಮೋರಿಯಲ್ಲಿ ಕೂತು ಸಿಳ್ಳೆ ಹಾಕುತ್ತಿತ್ತಂತೆ. ಏಳು ವಾರದ್ದು. ಎಂಟುನೂರ ತೊಂಬತ್ತು ಗ್ರಾಂ. ಕೇಂದ್ರದಲ್ಲಿ ಛಾವಣಿ ದುರಸ್ತಿ ನಡೆದಿದೆ, ದಿನವಿಡೀ ಸುತ್ತಿಗೆ ಸದ್ದು. ನಮ್ಮ ಹಿತ್ತಲ ಕೋಣೆ ಖಾಲಿ ಬಿದ್ದಿದೆ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಡಾಕ್ಟರಮ್ಮ ಮರಿಯನ್ನು ಬುಟ್ಟಿಯಲ್ಲಿ ತಂದುಕೊಟ್ಟು ಹೇಳಿದರು, "ಇದರ ಮುಂದೆ ಒಂದು ಮಾತೂ ಆಡಬಾರದು. ಮುದ್ದು ಮಾಡಬಾರದು, ಹೆಸರಿಡಬಾರದು. ನಂಬರ್ ಹದಿನಾಲ್ಕು, ಅಷ್ಟೇ. ನಿಮ್ಮ ದನಿ ಕೇಳ್ಕೊಂಡು ಬೆಳೆದ್ರೆ ನಾಳೆ ಯಾರ ದನಿ ಕೇಳಿದ್ರೂ ಊಟ ಬಂತು ಅಂದ್ಕೊಳ್ಳುತ್ತೆ."

ಎರಡು ವರ್ಷದ ಹಿಂದೆ ಹಾಗೇ ಆಗಿತ್ತಂತೆ. ಸಾಕಿದವರು ಮುದ್ದು ಮಾಡಿ ಮಾತಾಡಿಸಿ ಬೆಳೆಸಿದ ಮರಿ. ಹೊಳೆಗೆ ಬಿಟ್ಟ ಹನ್ನೊಂದನೇ ದಿನ ಮನುಷ್ಯರ ಮಾತು ಕೇಳಿ ಮೀನುಗಾರರ ದೋಣಿ ಹತ್ತಿತು, ಆಟಕ್ಕೆ. ಬಲೆ ಹರಿಯಲು ಬಂತೆಂದುಕೊಂಡು ಅವರು ಹುಟ್ಟಿನಲ್ಲಿ ಹೊಡೆದರು. ಅವರದೂ ತಪ್ಪೆನ್ನಲಾಗದು. ಒಂದೇ ಏಟಿಗೆ ಹೋಯಿತು.

ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತಲ್ಲ, ಈಚೆ ಆಕಳಿಸಿದರೆ ಆಚೆ ಕೇಳುತ್ತದೆ. ಅದಕ್ಕೇ ಫೋನಿಲ್ಲ, ರೇಡಿಯೋ ಇಲ್ಲ, ಯಾರಾದರೂ ಬಂದರೆ ಗೇಟಿನಾಚೆ ನಿಂತು ಮಾತು. ದಿನಕ್ಕೊಂದು ಹಾಳೆ ತುಂಬಬೇಕು: ತೂಕ, ಹಾಲು, ಮಲ, ಕೊನೆಗೆ 'ಮಾತು' ಎಂಬ ಕಾಲಂ. ಅದರಲ್ಲಿ ದಿನವೂ 'ಇಲ್ಲ' ಎಂದು ಬರೆಯಬೇಕು. ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ಊರಿಗೆಲ್ಲ ಕೇಳುವಂತೆ ಕೂಗಿದವಳ ಬಾಯಿಗೆ ಬೀಗ. ನಗಬೇಕೆನಿಸಿದರೆ ನಗು.

ನಿನ್ನ
ಡಂಗುರದಕ್ಕ


ಜೂನ್ ೨೪

ಅಕ್ಕಾ,

ಕಾಗದ ಎರಡು ಸಲ ಓದಿದೆ. ನಗು ಬರಲಿಲ್ಲ. ನೇರವಾಗಿ ಕೇಳುತ್ತೇನೆ, ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯಾ?

ಬಿಟ್ಟಿದ್ದರೆ ಹಾಗೆಂದು ಹೇಳು, ನೀರುನಾಯಿಯನ್ನು ನಡುವೆ ತರಬೇಡ. ನಿವೃತ್ತಿಯ ದಿನ ನೀನು "ನಿನ್ನ ಜೊತೆ ಬಂದಿರಲೇನೇ" ಎಂದು ಕೇಳಿದೆ, ನಾನು ಮನೆ ಚಿಕ್ಕದು ಅಂದೆ. ಅಂದಿದ್ದು ನಿಜ. ಮನೆ ಚಿಕ್ಕದೇ. ಇಬ್ಬರು ಎದುರುಬದುರಾಗಿ ನಡೆದರೆ ಒಬ್ಬರು ಗೋಡೆಗೆ ಒರಗಬೇಕು. ಆಮೇಲೆ ಆರು ತಿಂಗಳು ಪ್ರತಿ ಭಾನುವಾರ ಒಂದು ಗಂಟೆ ಮಾತಾಡಿದ್ದೀಯ, ಒಂದು ಸಲವೂ ಆ ವಿಷಯ ಎತ್ತಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಫೋನು ಡಬ್ಬಿಯ ಹಿಂದೆ ಹೋಯಿತು ಎಂದರೆ ನಾನು ಏನೆಂದುಕೊಳ್ಳಬೇಕು?

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಒಂದು ಗಂಟೆಗೆ ಅರವತ್ತು ಜನರ ರಕ್ತ ನೋಡುತ್ತದೆ, ಅದು ತಪ್ಪು ಹೇಳಿದ್ದನ್ನು ಹಿಡಿಯುವುದಕ್ಕೆ ನಾನು ಬೇಕು. ನಮ್ಮನೆಯವರು ಭಾನುವಾರ ಫೋನ್ ಬರದಿದ್ದಕ್ಕೆ "ಏನೇ, ಮನೆ ಇಷ್ಟು ತಣ್ಣಗಿದೆ" ಅಂದರು.

ಗುಮ್ಮಿ


ಜುಲೈ ೩

ಗುಮ್ಮೀ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ. ನಿನ್ನ ಮನೆಯ ಅಳತೆ ನಾನು ಕೇಳಲೇ ಇಲ್ಲ. ಚಿಕ್ಕವಳಿದ್ದಾಗಲೂ ಹೀಗೇ, ಮೂಲೆಯಲ್ಲಿ ಗುಮ್ಮೆಂದು ಕೂತು ಇಲ್ಲದ್ದನ್ನೆಲ್ಲ ಯೋಚಿಸುತ್ತಿದ್ದೆ. ನನಗೆ ಸಿಟ್ಟಿಲ್ಲ. ಬೇಕಾದರೆ ಡಾಕ್ಟರಮ್ಮನಿಂದ ಸರ್ಟಿಫಿಕೇಟ್ ತಂದು ಕಳಿಸಲೇ?

ಹದಿನಾಲ್ಕಕ್ಕೆ ನೀರು ಕಂಡರೆ ಭಯ. ನೀರುನಾಯಿಗೆ ನೀರು ಕಂಡರೆ ಭಯ ಎಂದರೆ ಯಾರು ನಂಬುತ್ತಾರೆ? ತಾಯಿ ಇದ್ದಿದ್ದರೆ ಕುತ್ತಿಗೆ ಹಿಡಿದು ಎತ್ತಿ ಹಾಕುತ್ತಿತ್ತಂತೆ. ನಾನು ಮೊದಲು ತಟ್ಟೆಯಲ್ಲಿ ಒಂದು ಬೆರಳು ನೀರು ಇಟ್ಟೆ, ಆಮೇಲೆ ಬೋಗುಣಿ, ಈಗ ಬಟ್ಟೆ ನೆನೆಹಾಕುವ ಟಬ್ಬು. ಟಬ್ಬಿನ ಅಂಚಿಗೆ ಮುಂಗಾಲಿಟ್ಟು ಒಳಗೆ ನೋಡಿ ನನ್ನ ಕಡೆ ತಿರುಗಿ ಸಿಳ್ಳೆ ಹಾಕುತ್ತದೆ. ನಾನು ಗೋಣಿಬಟ್ಟೆಯ ನಿಲುವಂಗಿ ತೊಟ್ಟು ಮುಖಕ್ಕೆ ಬಟ್ಟೆ ಕಟ್ಟಿ ನಿಂತಿರುತ್ತೇನೆ, ಬೆದರುಬೊಂಬೆಯೇ ಸೈ. ಉತ್ತರ ಕೊಡುವ ಹಾಗಿಲ್ಲ.

ಮಾತಾಡದೆ ಗಂಟಲು ತುಕ್ಕು ಹಿಡಿದಿದೆ. ನಿನ್ನೆ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ವಿಷಯವಾಗಿ ಅರ್ಧ ಗಂಟೆ ಮಾತಾಡಿದೆ. ಅಂಗಡಿಯವನು ಕೊನೆಗೆ, "ಅಮ್ಮಾ, ತಗೊಳ್ತೀರಾ, ಇಲ್ಲ ಮದುವೆ ಮಾಡಿಸ್ತೀರಾ?" ಅಂದ.

ಒಂದೇ ಮರಿ ಇರುವುದು ಕಷ್ಟವಂತೆ. ಜೊತೆಗೆ ಇನ್ನೊಂದಿದ್ದರೆ ಒಂದನ್ನೊಂದು ನೋಡಿ ಬೆಳೆಯುತ್ತವೆ. ಡಾಕ್ಟರಮ್ಮ ಬೇರೆ ಕೇಂದ್ರಗಳಿಗೆಲ್ಲ ಬರೆದಿದ್ದಾರೆ, ಸದ್ಯಕ್ಕೆ ಯಾರಲ್ಲೂ ಇಲ್ಲ. ಎರಡು ದಿನದಿಂದ ಮೀನು ಮೂಸಿ ಬಿಡುತ್ತಿದೆ. ನಿನಗೆ ಅಂಕಿಗಳೆಂದರೆ ಇಷ್ಟವಲ್ಲವೇ, ಕೇಂದ್ರದ ಒಂದು ಖಾಲಿ ಹಾಳೆಯ ಹಿಂದೆ ಇದುವರೆಗಿನ ತೂಕಗಳನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ. ಇನ್ನು ಪ್ರತಿ ವಾರ ಒಂದೊಂದು ಚೀಟಿ ಕಳಿಸುತ್ತೇನೆ.

ಅಕ್ಕ


ಜುಲೈ ೨೬

ಅಕ್ಕಾ,

ನಾನು ತಪ್ಪು ತಿಳಿದೆ. ಕ್ಷಮಿಸು. ಬದನೆಕಾಯಿ ಮದುವೆಗೆ ನಮ್ಮನೆಯವರು ಬಿದ್ದು ಬಿದ್ದು ನಕ್ಕರು.

ನಿನ್ನ ಹಾಳೆ, ಚೀಟಿಗಳು ಬಂದವು. ಗ್ರಾಫ್ ಕಾಗದದಲ್ಲಿ ಚುಕ್ಕಿ ಹಾಕಿ ಗೆರೆ ಎಳೆದಿದ್ದೇನೆ, ಲ್ಯಾಬಿನ ನನ್ನ ಮೇಜಿನ ಮೇಲಿನ ಗೋಡೆಯಲ್ಲಿದೆ. ಬಂದವರೆಲ್ಲ ಯಾವ ರೋಗಿ ಎಂದು ಕೇಳುತ್ತಾರೆ. ನಮ್ಮಕ್ಕನ ಮನೆಯ ಮಗು ಅನ್ನುತ್ತೇನೆ.

ಒಂದು ವಿಷಯ ಕೇಳಬೇಕು. ಜುಲೈ ಒಂದರಿಂದ ಐದರವರೆಗೆ ತೂಕ ದಿನವೂ ಇಳಿದಿದೆ. ನೂರಿಪ್ಪತ್ತು ಗ್ರಾಂ ಹೋಗಿದೆ. ಆರನೇ ತಾರೀಖಿನಿಂದ ಗೆರೆ ನೆಟ್ಟಗೆ ಮೇಲಕ್ಕೆ. ಔಷಧಿ ಕೊಟ್ಟರೂ ಹೀಗೆ ಒಂದೇ ದಿನದಲ್ಲಿ ತಿರುಗುವುದಿಲ್ಲ. ಆರನೇ ತಾರೀಖು ಏನು ಮಾಡಿದೆ? ಮೀನು ಬದಲಿಸಿದೆಯಾ?

ಗುಮ್ಮಿ


ಆಗಸ್ಟ್ ೪

ಗುಮ್ಮೀ,

ನಿನ್ನ ಕಣ್ಣು ಕಣ್ಣಲ್ಲ, ಸೂಜಿ. ಈ ವಿಷಯ ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಐದು ದಿನ ಅದು ಸರಿಯಾಗಿ ತಿನ್ನಲಿಲ್ಲ. ಹೊದಿಕೆಯೊಳಗೆ ಮುದುರಿ ಸಿಳ್ಳೆ ಹಾಕುತ್ತಿತ್ತು, ಆಮೇಲೆ ಸಿಳ್ಳೆಯೂ ನಿಂತಿತು. ಡಾಕ್ಟರಮ್ಮ ಬಂದು ಸೂಜಿ ಚುಚ್ಚಿ, "ಇವತ್ತು ತಿನ್ನದಿದ್ರೆ ಕಷ್ಟ" ಎಂದು ಹೋದರು. ಮಧ್ಯಾಹ್ನ ನಾನು ಮೀನಿನ ತುಂಡು ಹಿಡಿದು ಅದರ ಮುಂದೆ ಕೂತಿದ್ದೆ. ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು. ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ. ನನ್ನ ಬಾಯಿಂದ ಮೆಲ್ಲಗೆ ಬಂತು: "ಪ್ರಯಾಣಿಕರ ಗಮನಕ್ಕೆ. ಮೀನು ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ."

ತಲೆ ಎತ್ತಿತು. ಇನ್ನೊಂದು ಸಲ ಹೇಳಿದೆ. ಎದ್ದು ಬಂದು ತಿಂದಿತು. ನಾಲ್ಕು ತುಂಡು ತಿಂದಿತು.

ಅವತ್ತಿನಿಂದ ಪ್ರತಿ ಊಟಕ್ಕೂ ಹೇಳುತ್ತೇನೆ. ಅದು ಮಾತಲ್ಲ, ಬರೀ ಪ್ರಕಟಣೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಇಪ್ಪತ್ತೆಂಟು ವರ್ಷ ಕೂಗಿದೆ, ಒಬ್ಬ ಪ್ರಯಾಣಿಕನಾದರೂ ಮೈಕಿಗೆ ಉತ್ತರ ಕೊಟ್ಟದ್ದುಂಟೇ? ಈಗ ಟಬ್ಬಿನಲ್ಲಿ ಮುಳುಗಿ ಎದ್ದು ಮುಳುಗಿ ಎದ್ದು ಮನೆಯೆಲ್ಲ ಹೊಳೆ ಮಾಡಿದೆ. ಎರಡು ಕಿಲೋ ದಾಟಿತು. ನನ್ನ ದನಿ ಕೇಳಿದರೆ ಹಿಂಗಾಲಲ್ಲಿ ಎದ್ದು ನಿಲ್ಲುತ್ತದೆ. ಇಷ್ಟು ಸಂತೋಷ ನನಗೆ ಆಗಿ ಬಹಳ ದಿನವಾಗಿತ್ತು.

ಹಾಳೆಯಲ್ಲಿ 'ಇಲ್ಲ' ಎಂದೇ ಬರೆಯುತ್ತಿದ್ದೇನೆ.

ಅಕ್ಕ


ಆಗಸ್ಟ್ ೧೧

ಅಕ್ಕಾ,

ಡಾಕ್ಟರಮ್ಮನಿಗೆ ಇವತ್ತೇ ಹೇಳು. ಈ ಕಾಗದ ಮಡಿಸಿಟ್ಟು ಚಪ್ಪಲಿ ಹಾಕಿಕೊಂಡು ಹೋಗು.

ಮರಿ ಬದುಕಿದ್ದು ನಿನ್ನಿಂದ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಾಳೆಯಲ್ಲಿ ಸುಳ್ಳು ಬರೆದಿದ್ದೀಯ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ, ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ರಿಪೋರ್ಟು ನೋಡಿ ಡಾಕ್ಟರು ನಿರ್ಧಾರ ಮಾಡುತ್ತಾರೆ. ಅದರಲ್ಲಿ ಸುಳ್ಳಿದ್ದರೆ ಡಾಕ್ಟರು ಎಷ್ಟು ಒಳ್ಳೆಯವರಾದರೇನು? ಡಾಕ್ಟರಮ್ಮ ನಿನ್ನ 'ಇಲ್ಲ' ನೋಡಿಕೊಂಡೇ ಹದಿನಾಲ್ಕನ್ನು ಹೊಳೆಗೆ ಬಿಡುತ್ತಾರೆ. ಆಮೇಲೆ ದೋಣಿಯಲ್ಲಿ ಯಾರೋ ಮಾತಾಡುತ್ತಾರೆ. ಮುಂದಿನದನ್ನು ನೀನೇ ಮೊದಲ ಕಾಗದದಲ್ಲಿ ಬರೆದಿದ್ದೀಯ.

ಸಿಟ್ಟು ಮಾಡಿಕೊಳ್ಳಬೇಡ.

ಗುಮ್ಮಿ


ಆಗಸ್ಟ್ ೨೦

ಸಿಟ್ಟು ಮಾಡಿಕೊಳ್ಳಬೇಡವಂತೆ. ಮಾಡಿಕೊಂಡಿದ್ದೇನೆ.

ಹೇಳಿದರೆ ಏನಾಗುತ್ತದೆ ಗೊತ್ತೇ? ಮನುಷ್ಯರಿಗೆ ಒಗ್ಗಿದ ಪ್ರಾಣಿ ಎಂದು ಬರೆದು ಮೃಗಾಲಯಕ್ಕೆ ಕಳಿಸುತ್ತಾರೆ. ಹದಿನೈದು ವರ್ಷ ಸಿಮೆಂಟಿನ ತೊಟ್ಟಿಯಲ್ಲಿ ಸುತ್ತು ಹಾಕುತ್ತಿರಬೇಕು. ಬಂದವರು ಗಾಜು ತಟ್ಟುತ್ತಾರೆ. ಇಲ್ಲವೆಂದರೆ ನನ್ನ ಮನೆಯಿಂದ ಅವತ್ತೇ ಎತ್ತಿಕೊಂಡು ಹೋಗುತ್ತಾರೆ. ದೊಡ್ಡದಾದ ಮೇಲೆ ಅದಾಗೇ ಮರೆಯುತ್ತದೆ. ನಿಲ್ದಾಣ ಬಿಟ್ಟ ಮೇಲೆ ಯಾವ ಪ್ರಯಾಣಿಕ ನನ್ನ ದನಿ ನೆನಪಿಟ್ಟುಕೊಂಡ?

ನಿನಗೆ ಗೆರೆ ಎಳೆಯುವುದು ಸುಲಭ. ಖಾಲಿ ಮನೆಯಲ್ಲಿ ಬೆಳಿಗ್ಗೆ ಎದ್ದು ಸಂಜೆಯವರೆಗೆ ಒಂದು ಪ್ರಾಣಿಯ ಮುಖ ನೋಡಿಕೊಂಡು ಬಾಯಿ ಮುಚ್ಚಿ ಕೂತು ನೋಡು. ಹೌದು, ನಾನು ಸುಳ್ಳು ಹೇಳಿದ್ದೆ, ಸಿಟ್ಟಿಲ್ಲ ಎಂದಿದ್ದು ಸುಳ್ಳು. ಮನೆ ಚಿಕ್ಕದು ಎಂದೆಯಲ್ಲ, ಅವತ್ತು ನಿನಗೆ ಆ ಮಾತು ಹೇಳಲು ಎರಡು ಕ್ಷಣವೂ ಹಿಡಿಯಲಿಲ್ಲ. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ.

ನಂಬಿ ಹೇಳಿದ್ದೇನೆ. ನೀನೂ ಬಾಯಿ ಬಿಡಬೇಡ.


ಸೆಪ್ಟೆಂಬರ್ ೧೮

ಗುಮ್ಮಿ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಗೆರೆಯೂ ಇಲ್ಲ. ಜಗಳ ಪಕ್ಕಕ್ಕಿಡು. ಇಲ್ಲಿ ಎಲ್ಲ ಹೊರಬಿತ್ತು.

ಒಂಬತ್ತನೇ ತಾರೀಖು ಮಧ್ಯಾಹ್ನ ನಾನು ಮೀನು ಹಿಡಿದು ಪ್ರಕಟಣೆ ಮಾಡುತ್ತಿದ್ದೆ. ತಿರುಗಿ ನೋಡಿದರೆ ಹಿತ್ತಲ ಕಿಟಕಿಯಾಚೆ ಡಾಕ್ಟರಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೊರಗೆ ಕರೆದರು. ದಿನದ ಹಾಳೆಗಳ ಕಟ್ಟು ಅವರ ಕೈಯಲ್ಲಿತ್ತು.

"ಈ ಕಾಲಂ ನೀವೇ ತುಂಬಿದ್ದಾ?"

"ಹೌದು."

"ಎಷ್ಟು ದಿನದಿಂದ ಮಾತಾಡ್ತಿದ್ದೀರಿ?"

"ಜುಲೈ ಆರರಿಂದ."

ಬೈದಿದ್ದರೆ ಚೆನ್ನಾಗಿತ್ತು. ಅವರು ಒಗೆಯುವ ಕಲ್ಲಿನ ಮೇಲೆ ಕೂತು ಹಣೆ ಒರೆಸಿಕೊಂಡರು. "ಅವತ್ತೇ ನಂಗೆ ಹೇಳಿದ್ರೆ ಬೈದು, ಆಮೇಲೆ ಏನಾದ್ರೂ ದಾರಿ ಹುಡುಕ್ತಿದ್ದೆ. ಎರಡು ತಿಂಗಳು ಹೋಯ್ತಲ್ಲಮ್ಮಾ." ನನಗೆ ನಿಂತ ನೆಲ ಬಿರಿಯಬಾರದೇ ಅನಿಸಿತು.

ಒಂದು ದಾರಿ ಉಳಿದಿದೆಯಂತೆ. ಬೇರೆ ಊರಿನ ಕೇಂದ್ರದಿಂದ ಇನ್ನೊಂದು ಮರಿ ಬಂದಿದೆ, ಮನುಷ್ಯರನ್ನು ಕಂಡರೆ ಕಚ್ಚಲು ಬರುತ್ತದೆ. ಎರಡನ್ನೂ ಹೊಳೆ ದಂಡೆಯ ಬಲೆ ಆವರಣದಲ್ಲಿ ಬಿಡುವುದು. ಮೀನನ್ನು ಬೇರೆಯವರು ಮರೆಯಲ್ಲಿ ನಿಂತು ಕೊಳವೆಯಿಂದ ಜಾರಿಸುತ್ತಾರೆ. ನಾನು ದಿನಕ್ಕೆರಡು ಸಲ ಬರಿಗೈಯಲ್ಲಿ ಹೋಗಿ ಕೂಗಬೇಕು. ಹತ್ತಿರ ಬಂದರೆ ತಗಡು ಬಡಿದು ಬೆದರಿಸಬೇಕು, ಪೈಪಿನಿಂದ ನೀರು ಹೊಡೆಯಬೇಕು.

"ಬೇರೆ ಯಾರಾದ್ರೂ ಮಾಡ್ಲಿ," ಎಂದೆ.

"ಅದು ಕಲಿತಿರೋದು ನಿಮ್ಮ ದನಿ. ಬೇರೆಯವರು ಬೆದರಿಸಿದ್ರೆ ಅವರೊಬ್ಬರಿಗೇ ಹೆದರುತ್ತೆ. ಪ್ರೀತಿಯಿಂದ ಮಾತಾಡಿದ ದನೀನೇ ಅಪಾಯ ಅಂತ ಗೊತ್ತಾಗ್ಬೇಕು, ಆಗ ಎಲ್ಲ ಮನುಷ್ಯರೂ ಅಪಾಯ."

ಮಾರ್ಚ್ ಕೊನೆಗೆ ಪರೀಕ್ಷೆ. ದನಿ ಕೇಳಿ ಹತ್ತಿರ ಬಂದರೆ ಮೃಗಾಲಯ, ಓಡಿಹೋದರೆ ಹೊಳೆ.

ಡಾಕ್ಟರಮ್ಮನಿಗೆ ನನ್ನ ಗುಟ್ಟು ಬಿಟ್ಟುಕೊಟ್ಟವನು ಹಿಂದಿನ ಮನೆಯ ಟೈಲರ್. ಅವನ ಹೊಲಿಗೆ ಯಂತ್ರ ನಮ್ಮ ಹಿತ್ತಲಿಗೇ ಮುಖ ಮಾಡಿದೆ. ನಿನ್ನೆ ಗೇಟಿನಲ್ಲಿ ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಕಣ್ಣು ಕಣ್ಣು ಬಿಟ್ಟ. ಎಷ್ಟು ಚೆನ್ನಾಗಿ ನಾಟಕ ಮಾಡುತ್ತಾನೆ ನೋಡು.

ಕಾಗದ ಬರಿ. ನನಗೆ ಧೈರ್ಯ ಸಾಲದು.

ಅಕ್ಕ


ಸೆಪ್ಟೆಂಬರ್ ೨೭

ಅಕ್ಕಾ,

ಟೈಲರ್ ಮೇಲೆ ಗೂಬೆ ಕೂರಿಸಬೇಡ. ಹೇಳಿದವಳು ನಾನು.

ನೀನು ತೂಕ ಬರೆದು ಕಳಿಸಿದ ಹಾಳೆಯ ಮುಂಭಾಗದಲ್ಲಿ ಕೇಂದ್ರದ ವಿಳಾಸ ಅಚ್ಚಾಗಿತ್ತು. ನಿನ್ನ ಸಿಟ್ಟಿನ ಕಾಗದ ಬಂದ ಮೇಲೆ ಐದು ದಿನ ಸುಮ್ಮನಿದ್ದೆ. ಲ್ಯಾಬಿಗೆ ಹೋದರೆ ಗೋಡೆಯ ಮೇಲೆ ಆ ಗ್ರಾಫು. ಸೆಪ್ಟೆಂಬರ್ ಒಂದಕ್ಕೆ ಡಾಕ್ಟರಮ್ಮನಿಗೆ ಬರೆದು ಹಾಕಿದೆ. ನನ್ನ ಹೆಸರು ಹೇಳಬೇಡಿ ಎಂದೂ ಬರೆದೆ. ಹೇಡಿತನ ಅದೊಂದೇ. ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ, ನಿನಗೆ ಹೇಳದೆ ಬರೆದದ್ದಕ್ಕೆ ಇದೆ.

ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ಮನೆ ಚಿಕ್ಕದಲ್ಲ. ಹಿಂದಿನ ರೂಮು ಖಾಲಿ ಇದೆ, ಅದರಲ್ಲಿ ಇಸ್ತ್ರಿ ಮೇಜು ಮತ್ತು ಹಳೆಯ ಸೂಟ್‌ಕೇಸು, ಅಷ್ಟೇ. ನೀನು ಹೇಳಿದ್ದು ಸರಿ, ಆ ಮಾತನ್ನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ದಿನವಿಡೀ ಯಂತ್ರಗಳ ಸದ್ದಿನಲ್ಲಿದ್ದು ಸಂಜೆ ಮನೆಗೆ ಬಂದರೆ ನನಗೆ ಮೌನ ಬೇಕು. ನೀನು ಬಂದರೆ ಮಾತು ನಿಲ್ಲುವುದಿಲ್ಲ ಎಂದು ಹೆದರಿದೆ. ನಿನ್ನನ್ನು ಕಂಡು ಹೆದರಿದ್ದಲ್ಲ. ಆದರೂ ನಿನ್ನ ದನಿಗೆ ಹೆದರಿದ್ದು ನಿಜ.

ಬೈದು ಬರಿ. ಸುಮ್ಮನಿರಬೇಡ.

ಗುಮ್ಮಿ


ಅಕ್ಟೋಬರ್ ೨೧

ಅಕ್ಕಾ,

ಉತ್ತರ ಬರಲಿಲ್ಲ. ತೂಕದ ಚೀಟಿಯೂ ಬರಲಿಲ್ಲ. ಗೆರೆ ಸೆಪ್ಟೆಂಬರ್ ಹದಿನೆಂಟಕ್ಕೆ ನಿಂತಿದೆ.

ಗುಮ್ಮಿ


ನವೆಂಬರ್ ೩೦

ಟೈಲರ್ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಬಿಡಮ್ಮಾ, ಆದ್ರೆ ಸೂಜಿ ನುಂಗಿಬಿಡ್ತಿದ್ದೆ" ಅಂದ.

ಹದಿನಾಲ್ಕು: ನಾಲ್ಕು ಕಿಲೋ ಇನ್ನೂರು.

ಡಿಸೆಂಬರ್ ೯

ಅಕ್ಕಾ,

ಚುಕ್ಕಿ ಹಾಕಿದೆ. ಥ್ಯಾಂಕ್ಸ್.

ಓಡುತ್ತಿದೆಯಾ?

ಗುಮ್ಮಿ


ಜನವರಿ ೧೭

ಗುಮ್ಮೀ,

ಓಡುತ್ತಿದೆಯಾ ಎಂದು ಕೇಳಿದ್ದೀಯ. ಉತ್ತರಕ್ಕೆ ಇಷ್ಟು ದಿನ ಬೇಕಾಯಿತು.

ಮೊದಲ ದಿನ ಬಲೆಯ ಹತ್ತಿರ ಹೋಗಿ, "ಪ್ರಯಾಣಿಕರ ಗಮನಕ್ಕೆ" ಎಂದೆ. ಹೊಸ ಮರಿ ಬಿಲಕ್ಕೆ ಹಾರಿತು. ಹದಿನಾಲ್ಕು ನೀರಿನಿಂದ ಎದ್ದು ಓಡೋಡಿ ಬಂತು, ಬಲೆಗೆ ಮುಂಗಾಲು ಕೊಟ್ಟು ನಿಂತು ಸಿಳ್ಳೆ ಹಾಕಿತು. ಆವರಣಕ್ಕೆ ಹೋದ ಮೇಲೆ ಹದಿನೈದು ದಿನ ನನ್ನನ್ನು ನೋಡಿರಲಿಲ್ಲವಲ್ಲ. ನಾನು ತಗಡು ಬಡಿದೆ. ಅದಕ್ಕೆ ಅರ್ಥವಾಗಲಿಲ್ಲ. ಸದ್ದಿಗೆ ಹೆದರಿ ಕಾಪಾಡು ಎಂದು ನನ್ನ ಹತ್ತಿರಕ್ಕೇ ಇನ್ನಷ್ಟು ಬಂತು. ಡಾಕ್ಟರಮ್ಮ ಹಿಂದಿನಿಂದ, "ನೀರು ಬಿಡಿ, ಮುಖಕ್ಕೇ ಬಿಡಿ" ಅಂದರು. ಬಿಟ್ಟೆ.

ಎರಡನೇ ದಿನವೂ ಬಂತು. ಮೂರನೇ ದಿನವೂ. ನಾನು ಮನೆಗೆ ಬಂದು ಹಿತ್ತಲ ಕೋಣೆಯಲ್ಲಿ ಆ ಟಬ್ಬಿನ ಪಕ್ಕ ಕೂತು ಅತ್ತೆ. ಇನ್ನು ಹೋಗುವುದಿಲ್ಲ, ಮೃಗಾಲಯಕ್ಕೇ ಕಳಿಸಲಿ, ಅಲ್ಲಿಗೆ ಹೋಗಿ ಗಾಜಿನಾಚೆ ನಿಂತಾದರೂ ಮಾತಾಡಿಸಬಹುದು ಎಂದುಕೊಂಡೆ. ನಿಜವಾಗಿ ಅಂದುಕೊಂಡೆ. ಆಮೇಲೆ ಆ ದೋಣಿ, ಆ ಹುಟ್ಟು ಕಣ್ಣಿಗೆ ಬಂತು. ಬೆಳಿಗ್ಗೆ ಎದ್ದು ಹೋದೆ.

ಹದಿನೇಳನೇ ದಿನ ಅರ್ಧ ದಾರಿ ಬಂದು ನಿಂತಿತು. ನಲವತ್ತನೇ ದಿನ ನೀರಿನಿಂದ ತಲೆ ಮಾತ್ರ ಎತ್ತಿ ನೋಡಿತು. ಹೊಸ ಮರಿ ಓಡುವುದನ್ನು ಕಂಡು ಇದೂ ಕಲಿಯುತ್ತಿದೆ ಎನ್ನುತ್ತಾರೆ ಡಾಕ್ಟರಮ್ಮ. ಈಗ ನಾನು ಕೂಗಿದರೆ ಮುಳುಗುತ್ತದೆ. ಹತ್ತರಲ್ಲಿ ಎಂಟು ಸಲ. ಉಳಿದ ಎರಡು ಸಲ ಹಿಂಗಾಲಲ್ಲಿ ಎದ್ದು ನಿಂತು ನನ್ನ ಕಡೆ ನೋಡುತ್ತದೆ. ಆ ಎರಡೇ ಕಷ್ಟ. ನನಗೂ, ಅದಕ್ಕೂ.

ನೀನು ಡಾಕ್ಟರಮ್ಮನಿಗೆ ಬರೆದದ್ದು ಸರಿ. ಸರಿ ಎಂದು ಹೇಳುವುದಕ್ಕೆ ಮೂರೂವರೆ ತಿಂಗಳು ಹಿಡಿಯಿತು. ಇನ್ನೂ ತಡವಾಗಿದ್ದರೆ ಈ ಎಂಟೂ ಇರುತ್ತಿರಲಿಲ್ಲವಂತೆ. ಇಸ್ತ್ರಿ ಮೇಜಿನ ವಿಷಯದಲ್ಲಿ ಸಿಟ್ಟು ಇನ್ನೂ ಇದೆ, ಅದು ಹೋದಾಗ ಹೋಗುತ್ತದೆ. ನೀನು ನನ್ನ ದನಿಗೆ ಹೆದರಿದೆ ಎಂದದ್ದನ್ನು ದಿನವೂ ತಗಡು ಬಡಿಯುವಾಗ ನೆನೆಸಿಕೊಳ್ಳುತ್ತೇನೆ. ಬರೆದೆಯಲ್ಲ, ಅದು ದೊಡ್ಡದು. ನನಗಾಗಿದ್ದರೆ ಆಗುತ್ತಿರಲಿಲ್ಲ.

ಅಕ್ಕ


ಫೆಬ್ರವರಿ ೨

ಅಕ್ಕಾ,

ಕಾಗದ ಓದಿ ಲ್ಯಾಬಿನ ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಹಿಂದಿನ ರೂಮು ಖಾಲಿ ಮಾಡಿಸಿದ್ದೇನೆ. ಸುಣ್ಣ ಹೊಡೆಸಿದ್ದೂ ಆಯಿತು. ಹದಿನಾಲ್ಕು ಹೋದ ಮೇಲೆ ಬಾ. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಸಂಜೆ ಒಂದು ಗಂಟೆ ನನಗೆ ಬಿಟ್ಟುಬಿಡು, ಮಿಕ್ಕಿದ್ದೆಲ್ಲ ನೀನು ಮಾತಾಡು. ನಮ್ಮನೆಯವರು ಕೇಳುತ್ತಾರೆ, ಅವರಿಗೆ ಇಷ್ಟ.

ಬಿಡುವ ದಿನ ನಾನೂ ಬಂದು ನಿಲ್ಲಲೇ?

ಗುಮ್ಮಿ


ಏಪ್ರಿಲ್ ೩

ಗುಮ್ಮೀ,

ಬರುತ್ತೇನೆ. ಹತ್ತೊಂಬತ್ತನೇ ತಾರೀಖಿನ ಗಾಡಿಗೆ. ಸಂಜೆಯ ನಿನ್ನ ಒಂದು ಗಂಟೆ ನಾನು ಬೀದಿಯಲ್ಲಿ ಅಡ್ಡಾಡಿ ಬರುತ್ತೇನೆ, ನಿಮ್ಮೂರಲ್ಲೂ ತರಕಾರಿ ಅಂಗಡಿ ಇರುತ್ತದೆ. ನೀನು ಬರಲೇ ಎಂದು ಕೇಳಿದ್ದಕ್ಕೆ ಉತ್ತರ ಬರೆಯದಿದ್ದದ್ದು ಬೇಕೆಂದೇ. ಬಿಡುವಾಗ ಹೊರಗಿನವರು ಇರಬಾರದು ಎಂದಿದ್ದರು. ನಿಜ ಹೇಳಲೇ, ನಾನು ಸೋಲುವುದನ್ನು ನೀನು ನೋಡುವುದು ನನಗೂ ಬೇಡವಾಗಿತ್ತು.

ಮಾರ್ಚ್ ಇಪ್ಪತ್ತೆಂಟರ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಸಲ ಓಡಿತು. ಡಾಕ್ಟರಮ್ಮ ಬೇರೆ ಇಬ್ಬರಿಂದಲೂ ಕೂಗಿಸಿದರು, ಅವರಿಗೂ ಓಡಿತು. ಮೊನ್ನೆ ಬೆಳಿಗ್ಗೆ ಏಳು ಗಂಟೆಗೆ ಆವರಣದ ಬಾಗಿಲು ತೆಗೆದೆವು. ನಾನು, ಡಾಕ್ಟರಮ್ಮ, ಇಬ್ಬರೇ, ದಂಡೆಯ ಮೇಲಿನ ಪೊದೆಯ ಹಿಂದೆ.

ಹೊಸ ಮರಿ ತಕ್ಷಣ ನೀರಿಗಿಳಿದು ಮಾಯವಾಯಿತು. ಹದಿನಾಲ್ಕು ಬಾಗಿಲಲ್ಲಿ ನಿಂತು ಮೂಸಿತು, ಹೊರಗೆ ಬಂತು, ನೀರಿಗಿಳಿಯಿತು. ಐದೂವರೆ ಕಿಲೋ ಇದೆ ಈಗ. ನೀರೊಳಗೆ ಹೋದರೆ ಎಣ್ಣೆ ಜಾರಿದ ಹಾಗೆ. ಹತ್ತು ಮಾರು ಹೋಗಿ ತಲೆ ಎತ್ತಿತು. ಅಷ್ಟರಲ್ಲಿ ತಿರುವಿನಿಂದ ಒಂದು ದೋಣಿ ಬಂತು.

ಇಬ್ಬರು ಗಂಡಸರು, ಬಲೆ ಎಳೆದು ಮುಗಿಸಿ ವಾಪಸು ಹೊರಟವರು. ಏನೋ ಮಾತಾಡಿಕೊಂಡು ನಗುತ್ತಿದ್ದರು. ಆ ಹೊತ್ತಿಗೆ ಯಾರೂ ಬರುವುದಿಲ್ಲ ಎಂದು ಡಾಕ್ಟರಮ್ಮ ಮೂರು ದಿನ ಕಾದು ನೋಡಿ ಗೊತ್ತು ಮಾಡಿದ್ದರು, ಅವತ್ತೇ ಬಂದರು. ನಗು ಕೇಳಿ ಹದಿನಾಲ್ಕು ನೀರಲ್ಲೇ ನಿಂತಿತು. ಮುಳುಗಲಿಲ್ಲ. ದೋಣಿಯ ಕಡೆಗೇ ತಿರುಗಿತು. ದೋಣಿಯಲ್ಲಿ ಮೀನಿನ ರಾಶಿ, ಮೇಲೆ ಮನುಷ್ಯರ ದನಿ, ಅದೂ ನಗುವ ದನಿ. ನಾನು ಹಾಗೆ ಕಲಿಸಿದ್ದೆನಲ್ಲ. ಮೆಲ್ಲಗೆ ಅತ್ತ ಈಜತೊಡಗಿತು.

ಡಾಕ್ಟರಮ್ಮ ನನ್ನ ತೋಳು ಹಿಡಿದು, "ಕೂಗಿ" ಅಂದರು. ನಾನು ದೋಣಿಯ ಹುಟ್ಟನ್ನೇ ನೋಡುತ್ತಿದ್ದೆ. "ಕೂಗಿ ಅಮ್ಮಾ!"

ಎದ್ದು ನಿಂತು ಕೂಗಿದೆ. ಮೈಕಿಲ್ಲ, ತಗಡಿಲ್ಲ, ಬರೀ ಗಂಟಲು. ಅದೇ ಪ್ರಕಟಣೆ. ಇಡೀ ಹೊಳೆಗೆ ಕೇಳಿರಬೇಕು. ದೋಣಿಯಲ್ಲಿದ್ದವರು ಹುಟ್ಟು ಎತ್ತಿ ಹಿಡಿದುಕೊಂಡು, ಯಾರೋ ಹುಚ್ಚಿ ಇರಬೇಕೆಂದು ನನ್ನನ್ನೇ ನೋಡುತ್ತ ಕೂತರು. ಹದಿನಾಲ್ಕು ನನ್ನ ಕಡೆ ತಿರುಗಿತು. ಒಂದು ಕ್ಷಣ ಕಣ್ಣಿಗೆ ಕಣ್ಣು ಸಿಕ್ಕಿತು. ಆಮೇಲೆ ಅದು ಹೆದರಿದ್ದನ್ನು ನಾನು ಕಣ್ಣಾರೆ ಕಂಡೆ. ನೀರು ಚಿಮ್ಮಿ ಮುಳುಗಿತು, ಆಚೆ ದಂಡೆಯ ಜೊಂಡಿನ ಬುಡದಲ್ಲಿ ಒಂದೇ ಒಂದು ಸಲ ಬೆನ್ನು ಕಂಡಿತು, ಆಮೇಲೆ ಜೊಂಡು ಅಲ್ಲಾಡಿತು, ಆಮೇಲೆ ಅದೂ ನಿಂತಿತು.

ದೋಣಿ ನಮ್ಮನ್ನು ದಾಟಿಕೊಂಡು ಹೋಯಿತು.

"ಹೋಯ್ತು. ಸಾಕು ಬಿಡಿ," ಎಂದರು ಡಾಕ್ಟರಮ್ಮ.

ಆಮೇಲೂ ಎರಡು ಸಲ ಕೂಗಿದೆ ಗುಮ್ಮೀ.

ಅಕ್ಕ